ಹೋಲಿಕೆಯ ಹಟ್ಟಿ

ಕೊಟ್ರೇಶನಿಗೆ ಒಂದು ಹೆಬ್ಬೆಟ್ಟು ಬೇಕಾಗಿತ್ತು. ಸಹಿಯಾದರೂ ನಡೆದೀತು, ಆದರೆ ಹೆಬ್ಬೆಟ್ಟಾದರೆ ನೋಡುವವರಿಗೆ ಬೇಗ ನಂಬಿಕೆ ಬರುತ್ತದೆ ಎಂದು ಸರ್ವಮಂಗಳ ಮೇಡಂ ಬೆಳಿಗ್ಗೆ ಫೋನಿನಲ್ಲಿ ಹೇಳಿದ್ದರು. ತಮಾಷೆಗೆ ಹೇಳಿದ್ದಲ್ಲ. ಅವನು ಕೆಲಸ ಮಾಡುವ ದುರ್ಗದ ಸಂಶೋಧನಾ ಸಂಸ್ಥೆಯಲ್ಲಿ ಎರಡು ವರ್ಷದ ಕೆಳಗೆ ಪರಿಣಾಮ ವಿಭಾಗ ಅಂತ ಒಂದು ಹುಟ್ಟಿಕೊಂಡಿತ್ತು. ಝೆರಾಕ್ಸ್ ಮಷಿನ್ನಿನ ಪಕ್ಕದ ಕೋಣೆಯಲ್ಲಿ ಮೇಡಮ್ಮಿಗೆ ಒಂದು ಮೇಜು, ಬಾಗಿಲಿಗೆ ಒಂದು ಬೋರ್ಡು. ಸಂಶೋಧನೆ ಮಾಡಿದೆ ಅಂದರೆ ಈಗ ಸಾಲದು. ಅದರಿಂದ ಯಾರ ಬದುಕಿನಲ್ಲಿ ಏನು ಬದಲಾಯಿತು, ಎಷ್ಟು ಜನರದು, ಈಗಲೂ ಆ ಬದಲಾವಣೆ ಉಳಿದಿದೆಯೋ ಇಲ್ಲವೋ, ಉಳಿದಿದೆ ಅನ್ನುವುದಕ್ಕೆ ಸಾಕ್ಷಿ ಯಾರು, ಎಲ್ಲವನ್ನೂ ತೋರಿಸಬೇಕು. ತೋರಿಸಿದವನು ಪ್ರೊಫೆಸರ್ ಆಗುತ್ತಾನೆ, ತೋರಿಸದವನು ಇದ್ದ ಕುರ್ಚಿಯಲ್ಲೇ ನಿವೃತ್ತನಾಗುತ್ತಾನೆ. ಕೊಟ್ರೇಶನಿಗೆ ಐವತ್ತೆರಡು. ಬಡ್ತಿ ಅರ್ಜಿಯ ನಮೂನೆಯ ಹದಿನಾಲ್ಕು ಕಾಲಮ್ಮುಗಳಲ್ಲಿ ಹದಿಮೂರನ್ನು ತುಂಬಿಯಾಗಿತ್ತು. ಹದಿನಾಲ್ಕನೆಯದು ಫಲಾನುಭವಿಯ ಪತ್ರ. ಪತ್ರವನ್ನೂ ಅವನೇ ಟೈಪು ಮಾಡಿ ಫೈಲಿನಲ್ಲಿಟ್ಟುಕೊಂಡಿದ್ದ: ಈ ಸಂಶೋಧನೆಯಿಂದ ನಮ್ಮ ಕುಟುಂಬದ ಜೀವನದಲ್ಲಿ ಗಣನೀಯ ಬದಲಾವಣೆ ಆಗಿರುತ್ತದೆ. ಕೆಳಗೆ ಜಾಗ ಖಾಲಿ ಇತ್ತು. ಅರ್ಜಿ ಸಂಜೆ ಐದಕ್ಕೆ ಮುಚ್ಚುತ್ತಿತ್ತು.

ಹಿರಿಯೂರು ದಾಟಿ ಹೊಸದುರ್ಗದ ರಸ್ತೆಗೆ ಹೊರಳಿದಾಗ ಕಾರಿನೊಳಗೆ ಅವನಿಗೆ ಸುಮ್ಮಸುಮ್ಮನೆ ಬಾಯಿ ಒಣಗುತ್ತಿತ್ತು. ಬಾಟಲಿ ಎತ್ತಿ ಗುಟುಕು ಕುಡಿಯುವುದು, ಮುಚ್ಚಳ ತಿರುಗಿಸುವುದು, ಮತ್ತೆ ಒಣಗುವುದು. ಏಳು ವರ್ಷದ ಹಿಂದೆ ಈ ದಾರಿಯಲ್ಲಿ ಬರುವಾಗ ಜೀಪು ಇತ್ತು, ಜೀಪಿನ ಬಾಗಿಲಿಗೆ ಯೋಜನೆಯ ಹೆಸರು ಬರೆದಿತ್ತು, ಹಿಂದೆ ಮಡಕೆಗಳು ಒಂದಕ್ಕೊಂದು ತಾಗಿ ಸದ್ದು ಮಾಡುತ್ತಿದ್ದವು. ಅವನದೇ ಮಡಕೆ. ಮಣ್ಣಿನದು, ಒಳಗೆ ಒಂದು ಪುಡಿ. ಬೋರ್‌ವೆಲ್ಲಿನ ನೀರು ಸುರಿದರೆ ಅದರಲ್ಲಿನ ಫ್ಲೋರೈಡ್ ಪುಡಿಗೆ ಹಿಡಿದುಕೊಂಡು ಕೆಳಗೆ ಒಳ್ಳೆ ನೀರು ಇಳಿಯುತ್ತಿತ್ತು. ಈ ಸೀಮೆಯಲ್ಲಿ ಮಕ್ಕಳ ಹಲ್ಲು ಕಂದುವುದಕ್ಕೆ, ನಡುವಯಸ್ಸಿಗೇ ಮಂಡಿ ಮಡಚದಂತಾಗುವುದಕ್ಕೆ ಆ ಫ್ಲೋರೈಡೇ ಕಾರಣ ಅಂತ ಗೊತ್ತಿಲ್ಲದವರಿಲ್ಲ. ಮಡಕೆ ಕೆಲಸ ಮಾಡಿತು. ಅದು ಸುಳ್ಳಲ್ಲ, ಕೆಲಸ ಮಾಡಿದ್ದು ನಿಜ, ಪತ್ರಿಕೆಯಲ್ಲಿ ಅಚ್ಚಾಗಿದೆ, ಯಾರು ಬೇಕಾದರೂ ನೋಡಬಹುದು. ಹೀಗೆ ಯಾರಿಗೋ ವಾದಿಸುತ್ತ ಅವನು ಎಮ್ಮೆಯೊಂದನ್ನು ತಪ್ಪಿಸಿ ಕಾರನ್ನು ಮಣ್ಣಿಗಿಳಿಸಿದ. ಎಮ್ಮೆಯ ಹಿಂದಿದ್ದವನು ಏನೋ ಅಂದ. ಅಂದದ್ದು ಸರಿಯಾಗಿಯೇ ಇರಬೇಕು.

ಮೇಲಿನೂರಿನಲ್ಲಿ, ಅಂದರೆ ಮಡಕೆ ಹಂಚಿದ್ದ ಊರಿನಲ್ಲಿ, ಅವನು ಒಂಬತ್ತೂವರೆಯಿಂದ ಹನ್ನೊಂದರವರೆಗೆ ಮನೆಮನೆ ತಿರುಗಿ ತನ್ನ ಮಡಕೆಗಳನ್ನು ಕಂಡುಕೊಂಡ. ಒಂದರಲ್ಲಿ ತುಳಸಿ ಇತ್ತು. ಒಂದರಲ್ಲಿ ಕೋಳಿಗೆ ನುಚ್ಚು ಹಾಕಿಟ್ಟಿದ್ದರು. ಒಂದು ಬೋರಲಾಗಿ ಬಿದ್ದಿತ್ತು, ಅದರ ಮೇಲೆ ಯಾರೋ ಹಸೀ ಪಂಚೆ ಹರವಿದ್ದರು. ಕುಡಿಯುವ ನೀರಿಗೆ ಪಂಚಾಯ್ತಿಯವರು ರಸ್ತೆ ಬದಿಗೆ ಶುದ್ಧ ನೀರಿನ ಘಟಕ ಹಾಕಿ ಐದು ವರ್ಷದ ಮೇಲಾಗಿತ್ತಂತೆ. ಅಲ್ಲಿ ಕ್ಯಾನು ತುಂಬಿಸುತ್ತಿದ್ದ ರಂಗಕ್ಕ ಎಂಬ ಹೆಂಗಸು ಅವನನ್ನು ಕಾಲಿನಿಂದ ತಲೆಯವರೆಗೆ ನೋಡಿ, 'ಯಾವ ಮಡಕೆ ಸಾರ್?' ಅಂದಳು. ಆಮೇಲೆ ನೆನಪಾಗಿ, 'ಓ ಅದಾ. ಪುಡಿ ಮುಗೀತು, ನೀವೂ ಬರ್ಲಿಲ್ಲ. ಮಡಕೆ ಚೆನ್ನಾಗಿತ್ತು ಬಿಡ್ರಿ, ಹೆಂಚಿಗಿಂತ ಗಟ್ಟಿ' ಎಂದು ಸಮಾಧಾನ ಹೇಳಿದಳು. ಅವನು ನಕ್ಕ. ಐವತ್ತೆರಡರ ಗಂಡಸು ನೀರಿನ ಕ್ಯಾನುಗಳ ನಡುವೆ ಫೈಲು ಹಿಡಿದು ನಿಂತು ಬೇರೇನು ಮಾಡಬಲ್ಲ. ಪತ್ರ ತೆಗೆಯುವ ಧೈರ್ಯ ಬರಲಿಲ್ಲ. ಹೊರಡುವಾಗ ರಂಗಕ್ಕನೇ ಕೂಗಿ ಹೇಳಿದಳು, 'ಕೆಳಗಿನ ಹಟ್ಟಿಗೆ ಹೋಗ್ರಿ ಸಾರ್. ಗೊಲ್ಲಪ್ಪನ ಹೆಂಡ್ತಿ ಓಬವ್ವ ಇದಾಳಲ್ಲ, ಸಿಕ್ಕಸಿಕ್ಕೋರನ್ನೆಲ್ಲ ನಿಮ್ಮನ್ನೇ ಕೇಳ್ತಾಳೆ. ದುರ್ಗದ ಸಾರು ಬರ್ಲಿಲ್ವಾ, ದುರ್ಗದ ಸಾರು ಬರ್ಲಿಲ್ವಾ ಅಂತ.'

ಕೇಳುತ್ತಾಳೆ. ತನ್ನನ್ನು ಕೇಳುವ ಒಂದು ಜೀವ ಇದೆ. ನಾಚಿಕೆಯಾಗಬೇಕಾದ ಕಡೆ ಅವನಿಗೆ ಸಂತೋಷವಾಯಿತು, ಅದೂ ಎಂಥ ಸಂತೋಷ, ಸ್ಕೂಲಿನಲ್ಲಿ ಮೇಷ್ಟ್ರು ಹೆಸರು ಹಿಡಿದು ಕರೆದ ಹಾಗೆ. ಕೆಳಗಿನ ಹಟ್ಟಿ ಎರಡೇ ಕಿಲೋಮೀಟರು. ಆದರೆ ಕೆಳಗಿನ ಹಟ್ಟಿಗೆ ಮಡಕೆಯನ್ನೇ ಕೊಟ್ಟಿರಲಿಲ್ಲವಲ್ಲ ಎಂಬುದು ಗೇರು ಬದಲಿಸುವಾಗ ಹೊಳೆಯಿತು. ಅದು ಹೋಲಿಕೆಯ ಹಟ್ಟಿ. ಕೊಟ್ಟವರಲ್ಲಿ ಏನಾಯಿತು ಅಂತ ತಿಳಿಯಬೇಕಾದರೆ ಕೊಡದವರೂ ಒಂದಷ್ಟು ಜನ ಬೇಕು, ಅದೇ ನೀರು, ಅದೇ ಊಟ, ಬರೀ ಮಡಕೆ ಇಲ್ಲ. ಹನ್ನೆರಡು ಮನೆ ಗೊಲ್ಲರು, ಕುರಿ ಸಾಕುವವರು. ಅವರನ್ನು ಒಪ್ಪಿಸಿದ್ದು ಅವನೇ. ಕಂಬಳಿ ಹಾಸಿ ಕೂರಿಸಿದ್ದರು; ಗೊಲ್ಲಪ್ಪ ಎದುರಿಗೆ ಕುಕ್ಕರಗಾಲಿನಲ್ಲಿ ಕೂತು ಬೀಡಿಯನ್ನು ಕಿವಿಗೆ ಸಿಕ್ಕಿಸಿಕೊಂಡು ಎಲ್ಲವನ್ನೂ ಕೇಳಿದ್ದ. ಒಂದು ವರ್ಷ ನೀವು ಈಗ ಕುಡಿಯೋ ಬೋರಿನ ನೀರನ್ನೇ ಕುಡೀಬೇಕು, ದಿನಕ್ಕೆ ಎಷ್ಟು ಕೊಡ ಅಂತ ಈ ಕಾರ್ಡಿನಲ್ಲಿ ಚುಕ್ಕಿ ಇಡಬೇಕು, ನಡುವೆ ಬದಲಾಯಿಸಿದರೆ ನಮ್ಮ ಲೆಕ್ಕವೆಲ್ಲ ಕೆಟ್ಟುಹೋಗುತ್ತೆ ಯಜಮಾನ್ರೇ. ವರ್ಷ ಆದಮೇಲೆ ನಿಮಗೂ ಮಡಕೆ ಕೊಡ್ತೀವಿ. ಗೊಲ್ಲಪ್ಪ, 'ಸಾಕು ಅಂತ ಹೇಳೋರು ಯಾರು?' ಎಂದು ಕೇಳಿದ್ದ. 'ನಾನೇ ಬಂದು ಹೇಳ್ತೀನಿ' ಅಂದಿದ್ದ ಕೊಟ್ರೇಶ. ಆಗ ಒಳಗಿನಿಂದ ಒಂದು ಬಟ್ಟಲು ಹಾಲು ತರಿಸಿ, ಅದನ್ನು ಬೆರಳಲ್ಲಿ ಮುಟ್ಟಿ, ಆತು ಅಂದಿದ್ದ ಗೊಲ್ಲಪ್ಪ. ಜೀಪಿನಲ್ಲಿ ವಾಪಸು ಬರುವಾಗ ಪ್ರಾಜೆಕ್ಟಿನ ಹುಡುಗಿ ನೇತ್ರಾವತಿ, ಅವಳೂ ಆ ಕಡೆಯವಳೇ, 'ಸಾರ್, ಹಾಲು ಮುಟ್ಟಿ ಕೊಟ್ಟ ಮಾತನ್ನ ಇಸ್ಕಂಡೋರೇ ಬಂದು ಬಿಡಿಸ್ಬೇಕು ಸಾರ್. ಮರೀಬೇಡ್ರಿ' ಅಂದಿದ್ದಳು. ಇಂಥವನ್ನೆಲ್ಲ ಬರೆದಿಟ್ಟುಕೋ, ಪ್ರಬಂಧದ ಮುನ್ನುಡಿಗೆ ಆಗುತ್ತೆ ಅಂದಿದ್ದ ಇವನು.

ಹಟ್ಟಿಯ ಬೇಲಿಯ ಹತ್ತಿರ ಚಪ್ಪಲಿ ಬಿಟ್ಟು ಒಳಗೆ ಬರಬೇಕೆಂಬುದು ನೆನಪಿತ್ತು. ಬೂಟು ಬಿಚ್ಚಿದ. ಬಲಗಾಲಿನ ಕಾಲುಚೀಲದಲ್ಲಿ ಹೆಬ್ಬೆರಳು ಹೊರಗೆ ಬಂದಿತ್ತು. ಕಾಲುಚೀಲವನ್ನೂ ಬಿಚ್ಚಿ ಜೇಬಿಗೆ ತುರುಕಿಕೊಂಡು ಬರಿಗಾಲಿನಲ್ಲಿ ನಡೆದರೆ ಕುರಿಹಿಕ್ಕೆ, ಸಣ್ಣ ಕಲ್ಲು, ಅಲ್ಲೊಂದು ಇಲ್ಲೊಂದು ಜಾಲಿಮುಳ್ಳು. ಪರಿಣಾಮ ಅಂದರೆ ಏನು ಎಂದು ಹೋದ ತಿಂಗಳ ಕಾರ್ಯಾಗಾರದಲ್ಲಿ ಹೊರಗಿನಿಂದ ಬಂದಿದ್ದ ತಜ್ಞರೊಬ್ಬರು ಕೇಳಿದ್ದರು, ಉತ್ತರವನ್ನೂ ಅವರೇ ಹೇಳಿದ್ದರು: ನೀವು ಇರದಿದ್ದರೆ ಏನು ಆಗುತ್ತಿರಲಿಲ್ಲವೋ ಅದು. ಅದನ್ನು ಮೊದಲ ದಿನವೇ ಯೋಜಿಸಬೇಕು, ನಡುನಡುವೆ ಸಂಭಾಳಿಸಬೇಕು, ಕೊನೆಗೆ ಅಳೆಯಬೇಕು. ಕೊಟ್ರೇಶ ನೋಟ್‌ಪ್ಯಾಡಿನಲ್ಲಿ ಬರೆದುಕೊಂಡು ಕೆಳಗೆ ಎರಡು ಗೆರೆ ಎಳೆದಿದ್ದ.

ಓಬವ್ವ ಅವನನ್ನು ದೂರದಿಂದಲೇ ಗುರುತು ಹಿಡಿದಳು. ಗೋಡೆ ಹಿಡಿದು ಎದ್ದು ನಿಂತಳು. ಏಳುವುದಕ್ಕೆ ಅವಳ ಮಂಡಿಗಳು ಬಹಳ ಹೊತ್ತು ತೆಗೆದುಕೊಂಡವು. 'ಬಂದ್ರಾ ಸಾಮಿ' ಅಂದಳು, ನಿನ್ನೆ ಹೋಗಿ ಇವತ್ತು ಬಂದವನಿಗೆ ಹೇಳುವಂತೆ. 'ಬರ್ರಿ, ಕುಂತ್ಕಳ್ರಿ.' ಅದೇ ಕಂಬಳಿ, ಅಂಚು ಸವೆದಿತ್ತು. ಒಳಗಿನ ಗೋಡೆಗೆ ಗೊಲ್ಲಪ್ಪನ ಫೋಟೊ, ಅದಕ್ಕೆ ಪ್ಲಾಸ್ಟಿಕ್ ಹಾರ. ಹೋಗಿ ನಾಲ್ಕು ವರ್ಷವಾಯಿತಂತೆ. ಮಗ ಸೊಸೆ ಕುರಿ ಹೊಡಕೊಂಡು ಭದ್ರೆಯ ಗದ್ದೆಗಳ ಕಡೆ ಹೋದರೆ ಆರು ತಿಂಗಳು ಬರುವುದಿಲ್ಲ, ಮೊಮ್ಮಗಳು ಸ್ಕೂಲಿಗಾಗಿ ಇವಳ ಹತ್ತಿರವೇ ಇರುತ್ತಾಳೆ. ಕಾವ್ಯಶ್ರೀ, ಏಳು ವರ್ಷ. ಆಗ ಕಂಬಳಿಯ ತುದಿಯಲ್ಲಿ ಮಲಗಿ ಕೈಕಾಲು ಆಡಿಸುತ್ತಿದ್ದ ಕೂಸು. ಅವತ್ತು ಸ್ಕೂಲಿಗೆ ರಜೆಯಂತೆ; ಈಗ ಕಂಬದ ಹಿಂದೆ ನಿಂತು ಇಣುಕುತ್ತಿದ್ದಳು, ನಗು ಬಂದಾಗ ಅಂಗೈಯಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದಳು. ಕೊಟ್ರೇಶ ಒಣಗಿದ ಬಾಯಲ್ಲಿ ನೀರು ಕೇಳಿದ. ಓಬವ್ವ ತಲೆಯಾಡಿಸಿ, 'ನಿಮಗೆ ಈ ನೀರು ಬ್ಯಾಡ. ಬಂದೋರಿಗೆ ಯಾರ್ಗೂ ಕೊಡಲ್ಲ ನಾವು. ಹಾಲು ಕೊಡ್ತೀನಿ ತಡೀರಿ' ಎಂದು ಆಡಿನ ಹಾಲು ಕಾಸಿ ಸ್ಟೀಲ್ ಲೋಟದಲ್ಲಿ ತಂದಿಟ್ಟಳು.

'ಈ ನೀರು ಅಂದ್ರೆ?' ಎಂದು ಕೇಳಿದ.

'ಅದೇ ಬೋರಿಂದು. ಇನ್ಯಾವ್ದು ಸಾಮಿ? ನೀವು ಹೇಳಿದ್ದೇ.' ಅವಳು ಹುಡುಗಿಗೆ ಕಣ್ಣು ಮಾಡಿದಳು. ಕಾವ್ಯಶ್ರೀ ಒಳಗೋಡಿ ಹಳೇ ಸೀರೆಯ ತುಂಡಿನಲ್ಲಿ ಕಟ್ಟಿದ ಗಂಟೊಂದನ್ನು ತಂದು ಕಂಬಳಿಯ ಮೇಲಿಟ್ಟಳು. ಬಿಚ್ಚಿದರೆ ಕ್ಯಾಲೆಂಡರಿನ ಹಾಳೆಗಳು. ಗೊಬ್ಬರದ ಅಂಗಡಿಯದು, ಸೊಸೈಟಿಯದು, ಯಾವುದೋ ಬಂಗಾರದ ಅಂಗಡಿಯದು, ತಿಂಗಳಿಗೊಂದು ಹರಿದು ಒಂದರ ಮೇಲೊಂದು ಜೋಡಿಸಿದ್ದವು. ಪ್ರತಿ ತಾರೀಖಿನ ಚೌಕದೊಳಗೆ ಚುಕ್ಕಿಗಳು, ಎರಡು, ಮೂರು, ಹಬ್ಬದ ದಿನ ಐದು. 'ನಿಮ್ಮ ಕಾರ್ಡು ಒಂದೇ ವರ್ಸಕ್ಕೆ ತೀರೋದ್ವು. ಆ ಹುಡ್ಗಿ ನೇತ್ರಾವತಿ ಬಂದು ತಗಂಡೋದ್ಲು, ಮತ್ತೆ ಹೊಸವು ತರ್ಲಿಲ್ಲ. ಇದ್ರಾಗೇ ಇಡಾಣ ಅಂದ್ರು ನಮ್ಮ ಯಜಮಾನ್ರು. ಒಂದಿನಾನೂ ತಪ್ಸಿಲ್ಲ ಸಾಮಿ. ಅವ್ರು ಹೋದ ದಿನ ಇಟ್ಟಿರ್ಲಿಲ್ಲ, ಮೂರನೇ ದಿನಕ್ಕೆ ಗ್ಯಾಪ್ಕ ಮಾಡ್ಕಂಡು ಇಟ್ಟೆ.'

ಅವನು ಹಾಳೆ ತಿರುವಿದ. ತಿರುವುವುದು ಬಿಟ್ಟರೆ ಕೈಗೆ ಬೇರೆ ಕೆಲಸವಿರಲಿಲ್ಲ. ಉಳಿದ ಹನ್ನೊಂದು ಮನೆಯವರು ರಸ್ತೆಗೆ ಘಟಕ ಬಂದ ಮಾರನೇ ದಿನವೇ ಕ್ಯಾನು ಹಿಡಿದು ಹೋದರಂತೆ. ಹೋಗಲಿ, ಅವರು ಹಾಲು ಮುಟ್ಟಿರಲಿಲ್ಲ, ಮುಟ್ಟಿದ್ದು ಈ ಮನೆಯವನು. ಮಗ ಜಗಳವಾಡಿದನಂತೆ. ಆ ಸಾರು ಸತ್ತೇ ಹೋಗಿರಬೇಕು ಅಂದನಂತೆ. ಸತ್ತಿದ್ರೆ ಯಾರಾದ್ರೂ ಹೇಳ್ತಿದ್ರು, ಬರ್ತಾರೆ ಅಂದನಂತೆ ಗೊಲ್ಲಪ್ಪ. ಕೊನೇ ವಾರ ಮಾತು ಸರಿಯಾಗಿ ಹೊರಡದಿದ್ದಾಗಲೂ ಕ್ಯಾಲೆಂಡರಿನ ಕಡೆ ಕೈ ತೋರಿಸುತ್ತಿದ್ದನಂತೆ. 'ಎರಡು ಸಲ ಫೋನೂ ಮಾಡಿಸಿದ್ರು' ಅಂದಳು ಓಬವ್ವ, ದೂರಿಗಲ್ಲ, ಸುಮ್ಮನೆ ಹೇಳಿದಂತೆ. 'ಯಾರೋ ಎತ್ತಿ, ಸಾರು ಮೀಟಿಂಗ್ನಾಗ್ ಅವ್ರೆ, ಹೇಳ್ತೀವಿ ಅಂದ್ರಂತೆ.' ಹೇಳಿದ್ದರು. ಅದು ಕೊಟ್ರೇಶನಿಗೆ ಈಗ ಎಷ್ಟು ಸ್ಪಷ್ಟವಾಗಿ ಕಾಣಿಸಿತೆಂದರೆ ಚೀಟಿಯ ಬಣ್ಣ ಕೂಡ ಕಂಡಿತು, ಹಳದಿ, ಹಿರಿಯೂರು ಕಡೆಯ ಗೊಲ್ಲಪ್ಪ ಫೋನ್ ಮಾಡಿದ್ದರು ಎಂದು ಗುಮಾಸ್ತ ಬರೆದು ಅಂಟಿಸಿದ್ದು. ಮಾರ್ಚಿ ಮೂವತ್ತೊಂದಕ್ಕೆ ಯೋಜನೆ ಮುಗಿದು ಜೀಪು ವಾಪಸು ಹೋಗಿತ್ತು. ಪ್ರಬಂಧದ ಕರಡು ಬಂದಿತ್ತು, ತಿದ್ದಬೇಕಿತ್ತು. ಹೋಗಬೇಕು ಎಂದುಕೊಂಡಿದ್ದ. ಚೀಟಿಯನ್ನು ಕಂಪ್ಯೂಟರಿನ ಅಂಚಿನಲ್ಲಿ ಕೆಲವು ವಾರ ನೋಡಿದ, ಅಂಟು ಒಣಗಿ ಒಂದು ದಿನ ಅದು ಬಿತ್ತು, ಗುಡಿಸುವವರು ಗುಡಿಸಿದರು. ಇಷ್ಟೇ. ಇದರಲ್ಲಿ ದ್ರೋಹ ಎಲ್ಲಿದೆ ಎಂದು ಹುಡುಕಿದರೆ ಸಿಕ್ಕುವುದೂ ಇಲ್ಲ. ಎಲ್ಲರೂ ಮಾಡುವಂಥದ್ದೇ ಮಾಡಿದ್ದ.

'ಹುಡ್ಗಿ ಒಬ್ಬಳದೇ ಯೋಚ್ನೆ ಸಾಮಿ' ಎಂದಳು ಓಬವ್ವ ದನಿ ತಗ್ಗಿಸಿ. 'ಹಾಲಲ್ಲು ಬಿದ್ದು ಹೊಸವು ಬರಾಕತ್ತವೆ. ಲೇ, ತೋರ್ಸೇ ಸಾರಿಗೆ.'

ಹುಡುಗಿ ಕೈ ತೆಗೆಯಲಿಲ್ಲ. ಅಜ್ಜಿ ಮೆಲ್ಲಗೆ ಮಣಿಕಟ್ಟು ಹಿಡಿದು ಇಳಿಸಿದಳು. ಮುಂದಿನ ನಾಲ್ಕು ಹೊಸ ಹಲ್ಲು, ದೊಡ್ಡವು, ಸುಣ್ಣ ಮೆತ್ತಿದಂತೆ ಬಿಳಿ ಮಚ್ಚೆ, ಮಚ್ಚೆಯ ಕೆಳಗೆ ಅಡ್ಡಕ್ಕೆ ಕಂದು ಪಟ್ಟಿ. ಮೂರನೇ ದರ್ಜೆ, ಎಂದಿತು ಅವನ ತಲೆ. ಅವನು ಹೇಳಲಿಲ್ಲ, ತಲೆಯೇ ಹೇಳಿತು. ಮುನ್ನೂರು ಮಕ್ಕಳ ಬಾಯಿಗೆ ಟಾರ್ಚು ಬಿಟ್ಟು ದರ್ಜೆ ಕೊಟ್ಟ ತಲೆ. ಆಮೇಲೆ ಅದೇ ತಲೆ ಲೆಕ್ಕ ಹಾಕಿತು: ಈ ಹಲ್ಲು ಒಸಡಿನೊಳಗೆ ರೂಪುಗೊಳ್ಳುವುದು ಹುಟ್ಟಿದಾಗಿನಿಂದ ಮೂರು ನಾಲ್ಕು ವರ್ಷದವರೆಗೆ. ಒಂದು ವರ್ಷ ತಾನು ಕೇಳಿ ಪಡೆದದ್ದು. ಉಳಿದದ್ದು ಕೇಳದೆ ಪಡೆದದ್ದು. ದವಡೆ ಹಲ್ಲುಗಳು ಒಳಗೆ ಇನ್ನೂ ಆಗುತ್ತಿವೆ. ಇನ್ನೂ ಆಗುತ್ತಿವೆ. ಹುಡುಗಿ ಬಾಯಿ ಮುಚ್ಚಿಕೊಂಡು ಅವನ ಬರಿಗಾಲನ್ನು ನೋಡುತ್ತಿದ್ದಳು.

'ಸ್ಕೂಲಾಗೆ ಆಡ್ಕಂತಾರಂತೆ. ಅದಿರ್ಲಿ. ಈಗ ಹೇಳ್ರಿ ಸಾಮಿ, ಲೆಕ್ಕ ಮುಗೀತಾ?'

ಇಲ್ಲಿ ಒಂದು ವಾಕ್ಯ ಸಾಕಾಗಿತ್ತು. ಅದು ಅವನ ಬಾಯಲ್ಲೇ ಇತ್ತು. ಕೈಯಲ್ಲಿ ಹಾಲಿನ ಲೋಟ, ಮುಂದೆ ಹಾಳೆಗಳು, ತೊಡೆಯ ಮೇಲೆ ಫೈಲು. ಜೇಬಿನಲ್ಲಿ ಫೋನು ನಡುಗಿತು, ಸರ್ವಮಂಗಳ ಮೇಡಮ್ಮೇ ಇರಬೇಕು. ಅವನು ಓಬವ್ವನ ಮುಖ ನೋಡಿದ. ಅವಳಲ್ಲಿ ಸಿಟ್ಟಿನ ಸುಳಿವೂ ಇರಲಿಲ್ಲ, ಒಂದಿಷ್ಟು ಸಿಟ್ಟಿದ್ದರೆ ಹೇಳಿಬಿಡುತ್ತಿದ್ದನೇನೋ.

'ಈ ತಿಂಗಳಿಗೆ ಮುಗಿಯುತ್ತೆ ಅವ್ವ' ಅಂದ. 'ಅದನ್ನ ಹೇಳೋಕೇ ಬಂದೆ.'

ಓಬವ್ವ ಕಣ್ಣು ಮುಚ್ಚಿ ತೆರೆದಳು. ಸೆರಗಿನಿಂದ ಮುಖ ಒರೆಸಿಕೊಂಡು, ತಿರುಗಿ ಫೋಟೊದ ಕಡೆ ನೋಡಿ, 'ಕೇಳಿದ್ರಾ. ಬಂದ್ರು ನೋಡ್ರಿ' ಅಂದಳು. ಆಮೇಲೆ ಇವನಿಗೆ, 'ನಡುವೆ ಕೈಬಿಟ್ಟಂಗಾಗ್ಲಿಲ್ಲ, ಅಷ್ಟು ಸಾಕು. ಅವ್ರ ಜೀವ ಅದಕ್ಕೇ ಹೊಡ್ಕಂತಿತ್ತು' ಅಂದಳು. ಕೊಟ್ರೇಶ ಪತ್ರ ತೆಗೆದ. ಓದಿ ಹೇಳಲೇ ಎಂದದ್ದಕ್ಕೆ ಅವಳು ಬ್ಯಾಡ ಎಂದು ಕೈ ಮುಂದೆ ಮಾಡಿದಳು. ಅವನು ಹಿಡಿದ ಶಾಯಿಯ ಡಬ್ಬಿಗೆ ಬೆರಳು ತಾಗಿಸಿ, ಪತ್ರಕ್ಕೆ ಹೆಬ್ಬೆಟ್ಟು ಒತ್ತಿ, ನೆಲಕ್ಕೆ ಒರೆಸಿಕೊಂಡಳು. ಗುರುತು ಚೆನ್ನಾಗಿ ಮೂಡಿತ್ತು, ಗೆರೆಗೆರೆಯೂ ಕಾಣುತ್ತಿತ್ತು. ಹಾಲು ತಣ್ಣಗಾಗಿತ್ತು. ಒಂದೇ ಗುಟುಕಿಗೆ ಕುಡಿದು ಎದ್ದ.

'ಇನ್ನ ಬೇರೆ ನೀರು ತರಬಹುದು ಅವ್ವ. ಇವತ್ತಿಂದಾನೇ' ಅಂದ, ಬಾಗಿಲ ಹತ್ತಿರ, ಆದಷ್ಟು ಹಗುರವಾಗಿ.

'ಇವತ್ತು ಇಪ್ಪತ್ತಲ್ಲ ಸಾಮಿ?' ಓಬವ್ವ ಗೋಡೆಯ ಕ್ಯಾಲೆಂಡರ್ ನೋಡಿದಳು. 'ಮೂವತ್ತಕ್ಕೆ ತಿಂಗ್ಳು. ಇಷ್ಟು ದಿನ ನಡೆಸಿ ಹತ್ತು ದಿನಕ್ಕೆ ಯಾಕೆ ಕೆಡ್ಸಾಣ? ತುಂಬಿಸೇ ಬಿಡ್ತೀವಿ. ನಿಮ್ಮ ಲೆಕ್ಕಾನೂ ಸುದ್ದ ಆಗ್ಲಿ.'

ಏನೂ ಪರವಾಗಿಲ್ಲ ಅಂದ. ಬ್ಯಾಡ ಬ್ಯಾಡ ಅಂದಳು. ನಾನೇ ಹೇಳ್ತಿದ್ದೀನಲ್ಲ ಅಂದ. ನೀವು ನಮ್ಮ ಮುಖ ನೋಡಿ ಹೇಳ್ತೀರಿ ಅಂತ ನಕ್ಕಳು. ಅವಳು ಒಪ್ಪುವಂತಿರಲಿಲ್ಲ. ಅವನು ಬೇಲಿಯವರೆಗೆ ನಡೆದ, ಬೂಟಿನೊಳಗೆ ಬರಿಗಾಲು ತುರುಕಿದ, ಕಾರಿನಲ್ಲಿ ಕೂತ. ಫೋನಿನಲ್ಲಿ ಮೇಡಮ್ಮಿನ ಸಂದೇಶ: ಸಿಕ್ಕಿತೆ? ಸಿಕ್ಕಿತು ಎಂದು ಬರೆದ. ಹನ್ನೆರಡೂವರೆ. ಎರಡಕ್ಕೆ ದುರ್ಗ, ಮೂರಕ್ಕೆ ಸ್ಕ್ಯಾನು, ಮುಗಿಯಿತು. ಹತ್ತೇ ದಿನ. ಇಷ್ಟು ವರ್ಷದ ಮುಂದೆ ಹತ್ತು ದಿನ ಏನೂ ಅಲ್ಲ, ಅಂಕಿಅಂಶದಲ್ಲಿ ಅದು ಲೆಕ್ಕಕ್ಕೇ ಬರುವುದಿಲ್ಲ. ಕೀಲಿ ತಿರುಗಿಸಿದ. ಬೇಲಿಯ ಸಂದಿನಲ್ಲಿ ಕಾವ್ಯಶ್ರೀ ಕಂಡಳು. ಹಂಡೆಯ ಹತ್ತಿರ ಬಗ್ಗಿ, ಅವನು ಹಾಲು ಕುಡಿದ ಲೋಟವನ್ನೇ ತೊಳೆದು ನೀರು ತುಂಬಿಸಿ, ತಲೆಯೆತ್ತಿ ಗಟಗಟ ಕುಡಿಯುತ್ತಿದ್ದಳು. ಬಿಸಿಲು, ಬಾಯಾರಿತ್ತು. ಕೊಟ್ರೇಶ ಇಂಜಿನ್ನು ಆರಿಸಿದ. ಈ ಸಲ ಬೂಟು ಬಿಚ್ಚಬೇಕೆಂಬುದು ಅವನಿಗೆ ನೆನಪಾಗಲಿಲ್ಲ.

'ಅವ್ವ' ಅಂದ. ಓಬವ್ವ ಅವನ ಮುಖ ನೋಡಲಿಲ್ಲ, ಹಟ್ಟಿಯೊಳಗೆ ಬಂದ ಬೂಟನ್ನು ನೋಡಿದಳು. 'ಆಗ್ಲೇ ಮುಗಿದಿತ್ತು ಅವ್ವ. ಮೊದಲನೇ ವರ್ಷಕ್ಕೇ. ನೇತ್ರಾವತಿ ಕಾರ್ಡು ತಗಂಡು ಹೋದಳಲ್ಲ, ಅವತ್ತೇ. ಆಮೇಲೆ ಲೆಕ್ಕ ಇರಲಿಲ್ಲ. ನಾನು ಬಂದು ಹೇಳಬೇಕಿತ್ತು, ಹೇಳಲಿಲ್ಲ.'

ದೂರದಲ್ಲಿ ಯಾರದೋ ಕುರಿಮರಿ ಕೂಗುತ್ತಿತ್ತು. ಓಬವ್ವ ಮೊದಲು ಮೊಮ್ಮಗಳ ಕೈಯಿಂದ ಲೋಟ ತೆಗೆದುಕೊಂಡು ಉಳಿದ ನೀರನ್ನು ಬಚ್ಚಲ ಕಡೆಗೆ ಚೆಲ್ಲಿದಳು. ಆಮೇಲೆ ಹಂಡೆಯನ್ನು ಬಗ್ಗಿಸಲು ಹೋದಳು, ಆಗಲಿಲ್ಲ, ಬಿಟ್ಟಳು. ಕುಳಿತುಕೊಂಡಳು. 'ದುರ್ಗದಿಂದ ಎಷ್ಟೊತ್ತು ಸಾಮಿ, ಕಾರಿಗೆ?' ಎಂದು ಕೇಳಿದಳು.

'ಒಂದೂವರೆ ಗಂಟೆ.'

'ಒಂದೂವರೆ ಗಂಟೆ' ಎಂದಳು ಓಬವ್ವ.

ಅವನು ಫೈಲಿನಿಂದ ಪತ್ರ ತೆಗೆದು ಅವಳ ಮುಂದೆ ಹಿಡಿದ. ಹರಿದುಹಾಕಲಿ ಎಂಬ ಆಸೆ, ಅವಳೇ ಹರಿದರೆ ತಾನು ಹರಿಯಬೇಕಾದದ್ದು ತಪ್ಪುತ್ತಿತ್ತು. ಅವಳು ಅದನ್ನು ಮುಟ್ಟಲಿಲ್ಲ. 'ಒತ್ತಿದ್ದು ಒತ್ತಿದ್ದೇ. ಕೊಟ್ಟಿದ್ದನ್ನ ವಾಪಸ್ ತಗಳೋದು ನಮ್ಮ ಮನ್ಯಾಗಿಲ್ಲ' ಅಂದಳು. ದನಿಯಲ್ಲಿ ಆಗಲೂ ಸಿಟ್ಟಿರಲಿಲ್ಲ. ಹುಡುಗಿಗೆ ಹೇಳಿದಳು, 'ಹೋಗೇ, ಪಕ್ಕದ ಮನ್ಯಾಗೆ ಯಮುನಕ್ಕನ ಹತ್ರ ಒಂದು ಚೊಂಬು ಕ್ಯಾನಿನ ನೀರು ಇಸ್ಕಂಡು ಬಾ.' ಆಮೇಲೆ ಗೋಡೆಯ ಕ್ಯಾಲೆಂಡರಿನ ಹಾಳೆಯನ್ನೂ ಹರಿದು, ಗಂಟಿನ ಮೇಲಿಟ್ಟು, ಮೊದಲಿನ ಹಾಗೇ ಕಟ್ಟಿ ಅವನ ಕೈಗೆ ಕೊಟ್ಟಳು. 'ಇವು ನಿಮ್ಮವು. ತಗಂಡೋಗ್ರಿ.' ಗೊಲ್ಲಪ್ಪನ ಫೋಟೊದ ಕಡೆ ಅವಳು ತಿರುಗಲಿಲ್ಲ. ಒಳಗೆ ಹೋಗಿ ಬಾಗಿಲು ಮುಂದಕ್ಕೆ ಎಳೆದುಕೊಂಡಳು.

ಹೊಸದುರ್ಗದ ರಸ್ತೆ ಸೇರುವಲ್ಲಿ ಅವನು ಕಾರು ನಿಲ್ಲಿಸಿದ. ಪಕ್ಕದ ಸೀಟಿನಲ್ಲಿ ಪತ್ರ, ಪತ್ರದ ಮೇಲೆ ಹೆಬ್ಬೆಟ್ಟು, ಇನ್ನೂ ಹಸಿ. ಫೋನು ಮತ್ತೆ ನಡುಗುತ್ತಿತ್ತು. ಗಂಟು ಬಿಚ್ಚಿ ಮೇಲಿನ ಹಾಳೆ ನೋಡಿದ, ನವೆಂಬರು, ಇಪ್ಪತ್ತನೇ ತಾರೀಖಿನ ಚೌಕದಲ್ಲಿ ಬೆಳಿಗ್ಗೆಯೇ ಇಟ್ಟ ಎರಡು ಚುಕ್ಕಿ. ಅಲ್ಲಿಂದ ಮುಂದೆ ಇಪ್ಪತ್ತೊಂದರಿಂದ ಮೂವತ್ತರವರೆಗೆ ಚೌಕಗಳು ಖಾಲಿ ಇದ್ದವು. ಹಿಂದಿನ ಹಾಳೆಗಳನ್ನು ಒಂದೊಂದಾಗಿ ತಿರುವಿದ, ಆರು ವರ್ಷದವು, ಎಲ್ಲೂ ಒಂದು ಚೌಕ ಖಾಲಿ ಇರಲಿಲ್ಲ. ನೀವು ಇರದಿದ್ದರೆ ಏನು ಆಗುತ್ತಿರಲಿಲ್ಲವೋ ಅದು, ಎಂದಿದ್ದರು ಕಾರ್ಯಾಗಾರದವರು. ತಾನು ಇರದಿದ್ದರೆ ಈ ಚುಕ್ಕಿಗಳಲ್ಲಿ ಒಂದೂ ಇರುತ್ತಿರಲಿಲ್ಲ. ಖಾಲಿ ಇದ್ದದ್ದು ಆ ಹತ್ತೇ.